ರುಚಿ ತೋರಿಸದೆ ಹಸಿವಿಲ್ಲ ಎಂದವರಿಗೆ

ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ವಾರದಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ. ವೇದಿಕೆ ಮೇಲೆ ಕೂತ ದೊಡ್ಡವರು ಹೇಳುತ್ತಾರೆ. ಕಾಲೇಜಿನ ಸ್ಟಾಫ್ ರೂಮಿನಲ್ಲಿ ಟೀ ಹೀರುತ್ತ ಮೇಷ್ಟರುಗಳು ಹೇಳುತ್ತಾರೆ. ಓದಿ ಮೇಲೆ ಬಂದ ನಮ್ಮವರೇ ಕೆಲವರು ದನಿ ತಗ್ಗಿಸಿ ಹೇಳುತ್ತಾರೆ: "ಮೀಸಲಾತಿ ಕೊಟ್ಟಿದೀವಿ, ಸ್ಕಾಲರ್‌ಶಿಪ್ಪು ಕೊಟ್ಟಿದೀವಿ, ಹಾಸ್ಟೆಲು ಕೊಟ್ಟಿದೀವಿ, ಬಿಸಿಯೂಟ ಹಾಕ್ತಿದೀವಿ. ಆದ್ರೂ ಈ ಮಕ್ಳಿಗೆ ಮುಂದಕ್ಕೆ ಓದಬೇಕು ಅನ್ನೋ ಹಸಿವೇ ಇಲ್ಲ ಕಣ್ರೀ."

ಹಸಿವಿನ ಬಗ್ಗೆ ನಮಗೆ ಪಾಠ ಹೇಳಲು ಹೊರಟವರು ಇವರು! ಹಸಿವು ಅಂದರೇನು ಅಂತ ತಲೆತಲಾಂತರದಿಂದ ಬಲ್ಲವರು ನಾವು. ಆದರೆ ಸ್ವಾಮಿ, ಹಸಿವಿನಲ್ಲಿ ಎರಡು ಥರ. ಒಂದು ಹೊಟ್ಟೆಯದು, ಅದು ತಾನಾಗಿ ಹುಟ್ಟುತ್ತೆ. ಇನ್ನೊಂದು ನಾಲಗೆಯದು, ಅದು ರುಚಿ ಕಂಡ ಮೇಲೆ ಹುಟ್ಟುತ್ತೆ. ಒಬ್ಬಟ್ಟು ತಿಂದೇ ಇಲ್ಲದ ಮಗು ಒಬ್ಬಟ್ಟು ಬೇಕು ಅಂತ ಅಳುವುದಿಲ್ಲ. ಓದಿನ ಹಸಿವು ಈ ಎರಡನೆಯ ಥರದ್ದು. ಕಾಲೇಜು ಅಂದರೇನು, ಅಲ್ಲಿ ಏನು ಕಲಿಸುತ್ತಾರೆ, ಕಲಿತರೆ ತಲೆಯೊಳಗೆ ಏನಾಗುತ್ತೆ ಅನ್ನೋದರ ರುಚಿಯನ್ನು, ನಮ್ಮ ಮಕ್ಕಳು ಹತ್ತನೇ ಕ್ಲಾಸು ದಾಟುವ ಮೊದಲು ಒಂದು ಸಲವಾದರೂ ಅವರ ನಾಲಗೆಗೆ ಹಚ್ಚಿದ್ದೀರಾ? ಹಚ್ಚದೆ ಇದ್ದಮೇಲೆ ಹಸಿವಿಲ್ಲ ಅಂತ ತೀರ್ಪು ಕೊಡೋದಕ್ಕೆ ನೀವು ಯಾರು?

ನಾನು ಮೈಸೂರಿನ ದಟ್ಟಗಳ್ಳಿಯವನು. ಹೊರಗಿನವರಿಗೆ ದಟ್ಟಗಳ್ಳಿ ಅಂದರೆ 2ನೇ ಹಂತ, 3ನೇ ಹಂತ, ಸೈಟು, ಮಹಡಿ ಮನೆ, ಗೇಟಿನ ಮುಂದೆ ಕಾರು. ನಮಗೆ ದಟ್ಟಗಳ್ಳಿ ಅಂದರೆ ಊರು. ಹೊಲವೆಲ್ಲ ಬಡಾವಣೆಯಾದ ಮೇಲೆ ಬಡಾವಣೆಗಳ ಹೊಟ್ಟೆಯೊಳಗೆ ಉಳಿದುಕೊಂಡ ಹಳೇ ಊರು. ಆ ಹೊಲಗಳಲ್ಲಿ ಕೂಲಿ ಮಾಡಿದವರ ಮಕ್ಕಳು ಅದೇ ಜಾಗದಲ್ಲಿ ಎದ್ದ ಮನೆಗಳಿಗೆ ಗಾರೆ ಕಲಸಿದರು. ಈಗ ಮೊಮ್ಮಕ್ಕಳು ಆ ಮನೆಗಳಲ್ಲಿ ಪಾತ್ರೆ ತೊಳೆಯುತ್ತಾರೆ, ಆ ಮನೆಗಳ ಕಾರು ಒರೆಸುತ್ತಾರೆ. ನಮ್ಮವ್ವನೂ ಅದೇ ಕೆಲಸದವಳು. ನಮ್ಮಪ್ಪ ಸುಣ್ಣ ಬಣ್ಣ ಹೊಡೆಯುವವನು.

ನಮ್ಮೂರಿನಿಂದ ಮಾನಸಗಂಗೋತ್ರಿಗೆ ಐದು ಮೈಲಿಯೂ ಇಲ್ಲ. ಮಧ್ಯದಲ್ಲಿ ಬರುವ ಬಡಾವಣೆಯ ಹೆಸರು ಕುವೆಂಪುನಗರ. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರ ಜುಲೈ 27ರಂದು. ಬ್ರಿಟಿಷರ ನೇರ ಆಳ್ವಿಕೆಯ ಹೊರಗೆ, ಒಂದು ಸಂಸ್ಥಾನದಲ್ಲಿ ಹುಟ್ಟಿದ ದೇಶದ ಮೊದಲ ವಿಶ್ವವಿದ್ಯಾನಿಲಯ ಅದು. 1956ರಿಂದ 1960ರವರೆಗೆ ಅದರ ಕುಲಪತಿಯಾಗಿದ್ದ ಕುವೆಂಪು ಅವರೇ ಕುಕ್ಕರಹಳ್ಳಿ ಕೆರೆಯ ಆಚೆಯ ಆವರಣಕ್ಕೆ ಮಾನಸಗಂಗೋತ್ರಿ ಅಂತ ಹೆಸರಿಟ್ಟರು. ಸುತ್ತಮುತ್ತ ಇನ್ನೇನಿಲ್ಲ? 1950ರಿಂದ ಆಹಾರ ಸಂಶೋಧನಾಲಯ ಇದೆ. 1963ರಿಂದ ಪ್ರಾದೇಶಿಕ ಶಿಕ್ಷಣ ಸಂಸ್ಥೆ ಇದೆ. 1969ರಿಂದ ಭಾರತೀಯ ಭಾಷಾ ಸಂಸ್ಥಾನ ಇದೆ. 1996ರಿಂದ ಮುಕ್ತ ವಿಶ್ವವಿದ್ಯಾನಿಲಯ ಇದೆ. ಮಹಾರಾಜ, ಯುವರಾಜ, ಮಹಾರಾಣಿ ಅಂತ ಅರಮನೆಯ ಹೆಸರು ಹೊತ್ತ ಕಾಲೇಜುಗಳಿವೆ. ಒಂದು ಸಿಟಿ ಬಸ್ಸಿನ ದೂರದಲ್ಲಿ ಇಷ್ಟೊಂದು ವಿದ್ಯೆ ಗುಡ್ಡೆ ಬಿದ್ದಿರುವ ಊರು ಕರ್ನಾಟಕದಲ್ಲಿ ಹೆಚ್ಚಿಲ್ಲ.

ಗಂಗೋತ್ರಿ ಅಂದರೆ ನದಿ ಹುಟ್ಟುವ ಜಾಗ. ಹುಟ್ಟಿದ ನದಿ ಐದು ಮೈಲಿ ಹರಿದು ನಮ್ಮ ಬೀದಿ ಮುಟ್ಟಲಿಲ್ಲ.

ಸಣ್ಣವನಾಗಿದ್ದಾಗ ನಮ್ಮವ್ವನ ಜೊತೆ ಬಸ್ಸಿನಲ್ಲಿ ಹೋಗುವಾಗ ಆ ಮರಗಳ ಹಿಂದಿನ ಕಟ್ಟಡಗಳನ್ನ ತೋರಿಸಿ "ಅದೇನವ್ವ?" ಅಂತ ಕೇಳಿದ್ದೆ. "ಯಾವ್ದೋ ದೊಡ್ ಆಪೀಸು ಕನ್ಲಾ ಮಗ" ಅಂದಳು. ನಮ್ಮವ್ವನ ತಪ್ಪಲ್ಲ. ಅವಳಿಗೆ ಆ ಥರದ ಕಟ್ಟಡವೆಲ್ಲ ಆಪೀಸೇ. ಅರ್ಜಿ ಕೊಟ್ಟು ಕಾಯುವ ಜಾಗ, ನಾಳೆ ಬಾ ಅನ್ನಿಸಿಕೊಳ್ಳುವ ಜಾಗ.

ಸ್ಕೂಲಿನಿಂದ ಪ್ರವಾಸ ಹೋಗಲಿಲ್ಲವೇ ಅಂದರೆ, ಹೋದೆವು. ಮೈಸೂರಿನ ಮಕ್ಕಳಿಗೂ ಮೈಸೂರೇ ಪ್ರವಾಸ. ಅರಮನೆ ನೋಡಿದೆವು, ಬೆಟ್ಟ ಹತ್ತಿದೆವು, ಮೃಗಾಲಯ ನೋಡಿದೆವು. ಬೀದರಿನಿಂದ, ರಾಯಚೂರಿನಿಂದ, ಕೋಲಾರದಿಂದ ಪ್ರತಿ ಡಿಸೆಂಬರಿನಲ್ಲಿ ಬಸ್ಸುಗಟ್ಟಲೆ ಮಕ್ಕಳು ಬರುತ್ತಾರೆ. ಅವರೂ ಅದನ್ನೇ ನೋಡಿ, ಕೆ.ಆರ್.ಎಸ್. ಕಾರಂಜಿ ನೋಡಿ ರಾತ್ರಿ ಬಸ್ಸಿಗೆ ವಾಪಸ್ಸು ಹೋಗುತ್ತಾರೆ. ಸರ್ಕಾರದವರು ಚಿಣ್ಣರ ಕರ್ನಾಟಕ ದರ್ಶನ ಅಂತ ಮಾಡಿದರು, ಬಡ ಮಕ್ಕಳನ್ನ ಕೋಟೆ ಕೊತ್ತಲ ಸುತ್ತಿಸಿದರು. ಬೇಡ ಅನ್ನಲ್ಲ. ಆದರೆ ರಾಜ ಕೂತಿದ್ದ ಸಿಂಹಾಸನ ತೋರಿಸೋರು, ನಾಳೆ ನೀನು ಕೂರಬೇಕಾದ ಬೆಂಚನ್ನ ಯಾಕೆ ತೋರಿಸಲಿಲ್ಲ? ನಮ್ಮ ಕ್ಲಾಸಿನ ನಲವತ್ತು ಜನರಲ್ಲಿ ಹುಲಿ ನೋಡದವರು ಯಾರೂ ಇರಲಿಲ್ಲ. ಪ್ರೊಫೆಸರನ್ನ ನೋಡಿದವರೂ ಯಾರೂ ಇರಲಿಲ್ಲ.

ನಾನು ಕಾಲೇಜನ್ನ ಒಳಗಿನಿಂದ ಮೊದಲ ಸಲ ನೋಡಿದ್ದು ಏಣಿ ಹಿಡಿದುಕೊಂಡು. ಒಂಬತ್ತನೇ ಕ್ಲಾಸಿನ ದಸರಾ ರಜೆ. ಒಂದು ಕಾಲೇಜಿಗೆ ಬಣ್ಣ ಹೊಡೆಯುವ ಕೆಲಸ ನಮ್ಮಪ್ಪನ ಮೇಸ್ತ್ರಿಗೆ ಸಿಕ್ಕಿತ್ತು. ಅಪ್ಪನ ಜೊತೆ ಏಣಿ ಹಿಡಿಯೋಕೆ, ಡಬ್ಬ ಎತ್ತಿಕೊಡೋಕೆ ನಾನು ಹೋದೆ. ಒಂದು ದೊಡ್ಡ ಕೋಣೆಯಲ್ಲಿ ಮೇಜುಗಳ ಮೇಲೆ ಸಾಲಾಗಿ ಸೂಕ್ಷ್ಮದರ್ಶಕಗಳನ್ನ ಬಟ್ಟೆ ಮುಚ್ಚಿ ಇಟ್ಟಿದ್ದರು. ಈರುಳ್ಳಿ ಪೊರೆಯ ಜೀವಕೋಶದ ಚಿತ್ರ ಬರೆದು ಭಾಗಗಳನ್ನ ಗುರುತಿಸು ಅನ್ನೋ ಪ್ರಶ್ನೆಗೆ ನಾನು ಪೂರ್ತಿ ಮಾರ್ಕ್ಸು ತಗೊಂಡಿದ್ದೆ. ಆದರೆ ಸೂಕ್ಷ್ಮದರ್ಶಕವನ್ನ ಕಣ್ಣಲ್ಲಿ ಕಂಡಿರಲಿಲ್ಲ. ನಾನು ಆ ಕಡೆ ನೋಡ್ತಾ ಇದ್ದದ್ದನ್ನ ಅಲ್ಲಿನ ಅಟೆಂಡರ್ ಕಂಡರು. ವಯಸ್ಸಾದವರು. "ನೋಡ್ತೀಯೇನಪ್ಪ?" ಅಂದರು. ಕೈ ತೊಳ್ಕೊಂಡು ಬಾ ಅಂದರು. ಮಧ್ಯಾಹ್ನದ ಬುತ್ತಿಗೆ ತಂದಿದ್ದ ಈರುಳ್ಳಿಯಿಂದಲೇ ಒಂದು ಪೊರೆ ತೆಗೆದು ಗಾಜಿನ ಮೇಲಿಟ್ಟು "ಒಂದ್ ಕಣ್ ಮುಚ್ಕೊ" ಅಂದರು.

ಮೊದಲು ಬರೀ ಬೆಳಕು. ಆಮೇಲೆ ಒಂದಕ್ಕೊಂದು ಕೂಡಿಸಿದ ಇಟ್ಟಿಗೆ ಸಾಲು. ಗಾರೆಯವರು ಕಟ್ಟಿದ ಗೋಡೆಯ ಹಾಗೆ! ಈರುಳ್ಳಿಯೊಳಗೆ ಇಷ್ಟು ನೀಟಾಗಿ ಗೋಡೆ ಕಟ್ಟಿದವರು ಯಾರು ಅನ್ನಿಸಿತು. ಅರ್ಧ ನಿಮಿಷ ಇರಬಹುದು. ಅಷ್ಟರಲ್ಲಿ ಯಾರೋ ಒಳಗೆ ಬಂದು "ಕೆಲಸದವರನ್ನ ಇವನ್ನೆಲ್ಲ ಮುಟ್ಟೋಕೆ ಬಿಡಬೇಡ್ರೀ" ಅಂದರು. ನಾನು ಏಣಿಯ ಹತ್ತಿರ ಹೋದೆ.

ನನ್ನ ಜನ್ಮದ ಉನ್ನತ ಶಿಕ್ಷಣದ ರುಚಿ ಆ ಅರ್ಧ ನಿಮಿಷ. ಅದನ್ನ ಕೊಟ್ಟದ್ದು ಇಲಾಖೆಯಲ್ಲ, ಆಯೋಗವಲ್ಲ, ಮಂತ್ರಿಯಲ್ಲ. ಒಬ್ಬ ಅಟೆಂಡರು.

ಹತ್ತನೇ ಕ್ಲಾಸು ಪಾಸಾಗಿ ಪಿಯುಸಿ ಅರ್ಜಿ ಹಿಡಿದು ನಿಂತಾಗ ಕೌಂಟರಿನಲ್ಲಿ ಕೇಳಿದರು: "ಯಾವ ಕಾಂಬಿನೇಷನ್ನು?" ಕಾಂಬಿನೇಷನ್ನು ಅಂದರೇನು ಅಂತ ನನಗೆ ಗೊತ್ತಿರಲಿಲ್ಲ. ನನ್ನ ಹಿಂದೆ ನಿಂತ ಹುಡುಗನಿಗೆ ಗೊತ್ತಿತ್ತು. ಅವನ ಜೊತೆ ಅವರ ಅಪ್ಪ ಬಂದಿದ್ದರು, ಅವರ ಕೈಯಲ್ಲಿ ಮೊಬೈಲಿತ್ತು, ಮೊಬೈಲಿನ ಆ ತುದಿಯಲ್ಲಿ ಯಾರೋ ಎಂಜಿನಿಯರ್ ಚಿಕ್ಕಪ್ಪ ಇದ್ದರು. ನನ್ನ ಜೊತೆ ನಮ್ಮ ಸೋದರಮಾವ ಬಂದಿದ್ದ. ಅವನು ಅಂದ: "ಸುಲ್ಭವಾಗಿರೋದು ಹಾಕ್ಬುಡಿ ಸಾ." ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ, ಸಮಾಜಶಾಸ್ತ್ರ ಹಾಕಿದರು. ಅದು ಸುಲಭ ಅಂತ ಹೇಳಿದವರು ಯಾರೋ! ನನಗೆ ಅದರ ಬಗ್ಗೆ ವಿಷಾದವಿಲ್ಲ. ಆ ದಾರಿಯಲ್ಲೇ ನನಗೆ ಅಂಬೇಡ್ಕರ್ ಸಿಕ್ಕರು, ಕವಿತೆ ಸಿಕ್ಕಿತು. ಆದರೆ ಆರಿಸಿಕೊಂಡವನು ನಾನಲ್ಲ. ಹದಿನೈದು ವರ್ಷದ ಹುಡುಗನ ಮುಂದಿನ ಐವತ್ತು ವರ್ಷವನ್ನ ಒಂದು ಕೌಂಟರಿನ ಮುಂದೆ ಅರ್ಧ ನಿಮಿಷದಲ್ಲಿ ಗೀಚಿ ಮುಗಿಸಿದರು.

ನನ್ನದು ಹೋಗಲಿ. ನನ್ನ ಜೊತೆಗಾರ ಒಬ್ಬನಿದ್ದ. ಲೆಕ್ಕದಲ್ಲಿ 100ಕ್ಕೆ 96. ಮೇಷ್ಟ್ರು ಬೋರ್ಡಿನ ಮೇಲೆ ಅರ್ಧ ಬರೆಯೋಷ್ಟರಲ್ಲಿ ಉತ್ತರ ಹೇಳೋನು. ಪರೀಕ್ಷೆ ಮುಗಿದ ವಾರವೇ ಅವರ ಚಿಕ್ಕಪ್ಪನ ಜೊತೆ ಟೈಲ್ಸ್ ಕೆಲಸಕ್ಕೆ ಹೋದ. ರಿಸಲ್ಟು ಬರುವಷ್ಟರಲ್ಲಿ ಮೇಸ್ತ್ರಿಯ ಹತ್ತಿರ ಮುಂಗಡ ತಗೊಂಡಾಗಿತ್ತು. "ಯಾಕೋ ಓದಲ್ವೇನೋ" ಅಂದರೆ, "ಲೆಕ್ಕ ಓದುದ್ರೆ ಏನಾಯ್ತರ್ಲಾ? ಲೆಕ್ಕದ್ ಮೇಷ್ಟ್ರಾಯ್ತರೆ. ನಮ್ ಮೇಷ್ಟ್ರು ಸಾಲ್ದಲ್ಲವ್ರೆ" ಅಂದ. ಅವನ ಕಣ್ಣಳತೆಯಲ್ಲಿ ಲೆಕ್ಕ ಓದಿದ ಮನುಷ್ಯ ಅವರೊಬ್ಬರೇ.

ಈಗ ಅವನು ಬೈಕಿನ ಮೇಲೆ ಊಟದ ಪೊಟ್ಟಣ ಹಂಚುತ್ತಾನೆ. ಕಾಲೇಜು ಹಾಸ್ಟೆಲುಗಳ ಗೇಟಿನವರೆಗೂ ಹೋಗುತ್ತಾನೆ. ಹೋದ ವರ್ಷ ಒಂದು ರಾತ್ರಿ ನಮ್ಮ ಬೀದಿಯ ಟೀ ಅಂಗಡಿ ಮುಂದೆ ಸಿಕ್ಕಿ ನನ್ನನ್ನ ಕೇಳಿದ: "ಲೋ, ಆ ಹಾಸ್ಟೆಲ್ ಹುಡುಗ ಹೇಳ್ದ. ಅಲ್ಲಿ ಲೆಕ್ಕ ಒಂದ್ನೇ ಐದ್ ವರ್ಸ ಓದ್ತರಂತೆ. ಬೇರೇನೂ ಇಲ್ವಂತೆ, ಬರೀ ಲೆಕ್ಕವಂತೆ. ಹೌದೇನ್ಲಾ?"

ಹೌದು ಅಂದೆ. ಅವನು ಸುಮ್ಮನೆ ಟೀ ಕುಡಿದ. ಮೊಬೈಲು ಬಡಿದುಕೊಂಡಿತು, ಇನ್ನೊಂದು ಆರ್ಡರು. ಹೋದ.

ಹಸಿವಿಲ್ಲ ಅಂದವರೇ, ಬನ್ನಿ ಇಲ್ಲಿ. ಈ ಮನುಷ್ಯನ ಎದುರಿಗೆ ನಿಂತು ಇನ್ನೊಂದು ಸಲ ಹೇಳಿ.

ಹಸಿವಿಲ್ಲ ಅನ್ನೋದು ಸುಳ್ಳು ಅಂತ ಸರ್ಕಾರದ ಲೆಕ್ಕವೇ ಹೇಳುತ್ತದೆ. 2021-22ರ ಅಖಿಲ ಭಾರತ ಉನ್ನತ ಶಿಕ್ಷಣ ಸಮೀಕ್ಷೆಯ ಪ್ರಕಾರ 18ರಿಂದ 23ರ ವಯಸ್ಸಿನವರ ಲೆಕ್ಕದಲ್ಲಿ ಕಾಲೇಜು ಸೇರಿದವರ ಒಟ್ಟು ಪ್ರಮಾಣ ದೇಶಕ್ಕೆಲ್ಲ ಶೇ. 28.4. ಪರಿಶಿಷ್ಟ ಜಾತಿಗಳಲ್ಲಿ ಅದು ಶೇ. 25.9, ಪರಿಶಿಷ್ಟ ಪಂಗಡಗಳಲ್ಲಿ ಶೇ. 21.2. ಸಾವಿರಾರು ವರ್ಷ ಅಕ್ಷರದಿಂದ ದೂರ ಇಟ್ಟ ಜನ ಎಪ್ಪತ್ತೈದು ವರ್ಷದಲ್ಲಿ ಇಷ್ಟು ಹತ್ತಿರ ಬಂದಿದ್ದಾರೆ. ಇದು ಹಸಿವಿಲ್ಲದವರ ನಡಿಗೆಯೇ? ನಮ್ಮ ಕಷ್ಟ ಬೇರೆ. ನಾವು ಹೋಗುತ್ತಿದ್ದೇವೆ, ಆದರೆ ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಹೋಗುತ್ತಿದ್ದೇವೆ. ಯಾವ ಬಾಗಿಲು ಎಲ್ಲಿಗೆ ತೆರೆಯುತ್ತದೆ ಅಂತ ತಿಳಿಯದೆ, ಹತ್ತಿರದ ಬಾಗಿಲು, ಅಗ್ಗದ ಬಾಗಿಲು, ಯಾರೋ ನೂಕಿದ ಬಾಗಿಲು ಹೊಗುತ್ತಿದ್ದೇವೆ.

ಮೇಲಿನವರ ಮಕ್ಕಳಿಗೆ ಈ ರುಚಿ ಎಲ್ಲಿಂದ ಸಿಗುತ್ತದೆ ನೋಡಿ. ಅವರಿಗೆ ಯಾವ ಯೋಜನೆಯೂ ಬೇಕಿಲ್ಲ. ಊಟದ ಮೇಜಿನ ಮೇಲೇ ವಿಶ್ವವಿದ್ಯಾನಿಲಯ ಇರುತ್ತದೆ. ಅಪ್ಪ ಥೀಸಿಸ್ ತಿದ್ದುತ್ತಾನೆ, ಅತ್ತೆ ಆಸ್ಪತ್ರೆಯ ಕತೆ ಹೇಳುತ್ತಾಳೆ, ಅಮೆರಿಕದ ಅಣ್ಣ ಫೋನಿನಲ್ಲಿ ಪ್ರಯೋಗಾಲಯ ತೋರಿಸುತ್ತಾನೆ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ವರ್ಷಕ್ಕೊಂದು ದಿನ ಎಲ್ಲರಿಗೂ ಬಾಗಿಲು ತೆರೆಯುತ್ತಾರೆ. ಆ ದಿನ ಯಾವತ್ತು ಅಂತ ಗೊತ್ತಿರುವ ಮನೆಯವರು ಕಾರು ಹತ್ತಿಸಿ ಕರೆದುಕೊಂಡು ಹೋಗುತ್ತಾರೆ. ನಮ್ಮೂರ ಪ್ರಾದೇಶಿಕ ಶಿಕ್ಷಣ ಸಂಸ್ಥೆಯ ಆವರಣದಲ್ಲೇ ಒಂದು ಪ್ರಾತ್ಯಕ್ಷಿಕೆ ಶಾಲೆ ಇದೆ. ಅಲ್ಲಿ ಓದುವ ಮಕ್ಕಳಿಗೆ ಕಾಲೇಜು ಅಂದರೆ ಪಕ್ಕದ ಕಟ್ಟಡ, ದಿನಾ ಕಾಣುವ ಅಣ್ಣಂದಿರು ಅಕ್ಕಂದಿರು. ನನಗೆ ಆ ಮಕ್ಕಳ ಮೇಲೆ ಹೊಟ್ಟೆಕಿಚ್ಚಿಲ್ಲ. ಒಂದೇ ಕಾಂಪೌಂಡಿನೊಳಗೆ ಶಾಲೆಯನ್ನೂ ಕಾಲೇಜನ್ನೂ ಇಡಬಹುದು, ಇಟ್ಟರೆ ಆಕಾಶ ಕಳಚಿ ಬೀಳುವುದಿಲ್ಲ ಅಂತ 1963ರಿಂದ ಸಾಬೀತಾಗಿದೆಯಲ್ಲ, ಅದನ್ನ ಎಲ್ಲರಿಗೂ ಯಾಕೆ ಹಬ್ಬಿಸಲಿಲ್ಲ ಅನ್ನೋದಷ್ಟೇ ನನ್ನ ಪ್ರಶ್ನೆ.

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಮಾಡಿದೆ. ಯಾರಿಗೆ ಮಾಡಿದೆ ಅಂತ ನೋಡಬೇಕು. 2017ರ ಜುಲೈನಲ್ಲಿ ದೆಹಲಿಯಲ್ಲಿ 'ಜಿಜ್ಞಾಸಾ' ಅನ್ನೋ ಯೋಜನೆ ಶುರುವಾಯಿತು. ಶಾಲೆಯ ಮಕ್ಕಳನ್ನ ವಿಜ್ಞಾನಿಗಳ ಹತ್ತಿರ ಕರೆತರುವ ಯೋಜನೆ, ಬಹಳ ಒಳ್ಳೆಯದು. ನಮ್ಮ ಮೈಸೂರಿನ ಆಹಾರ ಸಂಶೋಧನಾಲಯವೂ ಸೇರಿದಂತೆ 38 ರಾಷ್ಟ್ರೀಯ ಪ್ರಯೋಗಾಲಯಗಳನ್ನ ಮೊದಲಿಗೆ ಯಾರ ಜೊತೆ ಜೋಡಿಸಿದರು? 1151 ಕೇಂದ್ರೀಯ ವಿದ್ಯಾಲಯಗಳ ಜೊತೆ. ಮುಖ್ಯವಾಗಿ ಕೇಂದ್ರ ಸರ್ಕಾರಿ ನೌಕರರ ಮಕ್ಕಳಿಗೆಂದು ಕಟ್ಟಿದ ಶಾಲೆಗಳ ಜೊತೆ. ಆಮೇಲೆ ಬೇರೆ ಶಾಲೆಗಳಿಗೂ ಚಾಚಿಕೊಂಡಿತು, ನಿಜ. ಆದರೆ ಪಂಕ್ತಿಯಲ್ಲಿ ಮೊದಲ ಎಲೆ ಯಾರಿಗೆ, ಕಡೆಯ ಎಲೆ ಯಾರಿಗೆ ಅನ್ನೋದನ್ನ ಈ ದೇಶದಲ್ಲಿ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು 'ಇನ್‌ಸ್ಪೈರ್'. ಇದರಲ್ಲಿ ಮಕ್ಕಳಿಗೆ ವಿಜ್ಞಾನ ಶಿಬಿರ ಉಂಟು, ದೊಡ್ಡ ವಿಜ್ಞಾನಿಗಳ ಜೊತೆ ಐದು ದಿನ ಕಳೆಯಬಹುದು. ಯಾರಿಗೆ? ಹತ್ತನೇ ಕ್ಲಾಸಿನ ಬೋರ್ಡು ಪರೀಕ್ಷೆಯಲ್ಲಿ ಮೇಲಿನ ಶೇ. 1ರಲ್ಲಿ ಬಂದು, ಹನ್ನೊಂದಕ್ಕೆ ವಿಜ್ಞಾನ ತಗೊಂಡವರಿಗೆ. ಅಂದರೆ ಊಟಕ್ಕೆ ಕೂತು, ಬಡಿಸಿಕೊಂಡು, ಅರ್ಧ ತಿಂದವನಿಗೆ "ರುಚಿ ನೋಡ್ತೀಯಾ" ಅಂತ ಚಮಚ ಕೊಡೋದು! 1999ರಲ್ಲಿ ಶುರುವಾಗಿ 2022ರಲ್ಲಿ ಇದೇ ಇನ್‌ಸ್ಪೈರಿನೊಳಗೆ ಸೇರಿಹೋದ 'ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆ'ಯನ್ನ ನಡೆಸಿದ್ದು ಕನ್ನಡನಾಡಿನ ನಡುಮಧ್ಯೆ ಇರುವ ವಿಜ್ಞಾನ ಸಂಸ್ಥೆ. ಪರೀಕ್ಷೆ ಬರೆಯಬೇಕಾಗಿದ್ದು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ. ಕನ್ನಡದ ಕಿಶೋರ ಯಾವ ಭಾಷೆಯಲ್ಲಿ ವೈಜ್ಞಾನಿಕನಾಗಬೇಕಿತ್ತು?

ಈಗ 2020ರ ರಾಷ್ಟ್ರೀಯ ಶಿಕ್ಷಣ ನೀತಿಗೆ ಬನ್ನಿ. ಅದರಲ್ಲಿ ಎಲ್ಲ ಮಕ್ಕಳಿಗೂ ಒಂದು ರುಚಿ ತೋರಿಸುವ ಮಾತಿದೆ. ಆರರಿಂದ ಎಂಟನೇ ಕ್ಲಾಸಿನ ನಡುವೆ ಹತ್ತು ದಿನ ಬ್ಯಾಗಿಲ್ಲದೆ ಬಂದು ಬಡಗಿ, ತೋಟಗಾರ, ಕುಂಬಾರ, ಕಲಾವಿದ ಇಂಥವರ ಹತ್ತಿರ ಕಸುಬು ಕಲಿಯಬೇಕು. ಶ್ರಮಕ್ಕೆ ಗೌರವ ಬರಬೇಕಂತೆ. ಬರಲಿ, ಮಹಡಿ ಮನೆಯ ಮಕ್ಕಳು ಉಳಿ ಹಿಡಿದು ಬೆರಳು ಕೊಯ್ದುಕೊಂಡು ಬರಲಿ, ಅವರಿಗೆ ಅದು ಬೇಕಾದ ಪಾಠವೇ. ಆದರೆ ಆರನೇ ಕ್ಲಾಸಿಗೇ ಅಪ್ಪನ ಏಣಿ ಹಿಡಿದ ಹುಡುಗನಿಗೆ, ಅವ್ವನ ಜೊತೆ ನಾಲ್ಕು ಮನೆ ಪಾತ್ರೆ ತೊಳೆದು ಸ್ಕೂಲಿಗೆ ಓಡಿಬರುವ ಹುಡುಗಿಗೆ ಶ್ರಮದ ರುಚಿ ತೋರಿಸುತ್ತೀರಾ? ನಮ್ಮ ಮಕ್ಕಳು ಹುಟ್ಟಿದ್ದೇ ಬ್ಯಾಗಿಲ್ಲದ ದಿನಗಳಲ್ಲಿ! 1953ರಲ್ಲಿ ಮದರಾಸಿನ ಮುಖ್ಯಮಂತ್ರಿ ರಾಜಾಜಿ ಇಂಥದ್ದೇ ಒಂದು ಯೋಜನೆ ತಂದಿದ್ದರು: ಅರ್ಧ ದಿನ ಶಾಲೆ, ಉಳಿದರ್ಧ ದಿನ ಮನೆತನದ ಕಸುಬು. ಜನ ಅದನ್ನ ಕುಲಕಸುಬಿನ ಶಿಕ್ಷಣ ಅಂತ ಕರೆದು ಬೀದಿಗಿಳಿದರು. 1954ರಲ್ಲಿ ರಾಜಾಜಿ ಇಳಿದರು, ಕಾಮರಾಜ್ ಬಂದು ಅದನ್ನ ಕೈಬಿಟ್ಟರು. ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ನನ್ನ ಪ್ರಶ್ನೆ ಇಷ್ಟೆ: ಬಡಗಿಯ ಹತ್ತಿರ ಹತ್ತು ದಿನ ಅಂತ ಬರೆದ ಕೈಗೆ, ಗ್ರಂಥಾಲಯದಲ್ಲಿ ಹತ್ತು ದಿನ, ಪ್ರಯೋಗಾಲಯದಲ್ಲಿ ಹತ್ತು ದಿನ, ಕಾನೂನು ಕಾಲೇಜಿನಲ್ಲಿ ಹತ್ತು ದಿನ ಅಂತ ಬರೆಯೋಕೆ ಯಾಕೆ ತೋಚಲಿಲ್ಲ?

ಎದುರು ಮಾತು ಏನು ಬರುತ್ತೆ ಅಂತ ಗೊತ್ತು. "ಅಲ್ಲಪ್ಪ, ಕೂಡೋದು ಕಳೆಯೋದೇ ಬರದ ಮಕ್ಕಳಿಗೆ ವಿಶ್ವವಿದ್ಯಾನಿಲಯ ಯಾಕೆ? ಮೊದಲು ತಳಪಾಯ ಸರಿ ಆಗಲಿ." ಕತ್ತೆಗೇನು ಗೊತ್ತು ಕಸ್ತೂರಿ ಪರಿಮಳ ಅನ್ನೋ ಗಾದೆಯ ಹೊಸ ವೇಷ ಇದು. ಕತ್ತೆಯ ಮೂಗಿನ ಮುಂದೆ ಕಸ್ತೂರಿ ಹಿಡಿದು ನೋಡಿದ್ದೀರಾ ಯಾವತ್ತಾದರೂ? ಕಸ್ತೂರಿಯ ಮೂಟೆ ಹೊತ್ತು ತಂದದ್ದೇ ಕತ್ತೆಯಲ್ಲವೇ? ಈ ನಗರದ ಕಾಲೇಜುಗಳಿಗೆ ಇಟ್ಟಿಗೆ ಹೊತ್ತವರು, ಮಾಳಿಗೆ ಹಾಕಿದವರು, ಪಾಯಿಖಾನೆ ತೊಳೆದವರು ಯಾರು? ತಳಪಾಯದ ಮಾತನ್ನ ತಳಪಾಯ ತೋಡಿದವರ ಮಕ್ಕಳಿಗೆ ಹೇಳಬೇಡಿ. ತಳಪಾಯ ಸರಿಪಡಿಸಿ, ಬೇಡ ಅಂದವರು ಯಾರು? ಆದರೆ ಮೇಲೆ ಎಂಥ ಮನೆ ಏಳುತ್ತದೆ ಅಂತ ಗೊತ್ತಿಲ್ಲದೆ ತಳಪಾಯ ಹಾಕುವ ಮೇಸ್ತ್ರಿ ಲೋಕದಲ್ಲಿ ಎಲ್ಲೂ ಇಲ್ಲ.

ಇನ್ನೊಂದು ಮಾತು: "ಪ್ರತಿಭೆ ಇದ್ದವನು ಹೇಗಾದರೂ ಮೇಲೆ ಬರ್ತಾನೆ. ಅಂಬೇಡ್ಕರ್ ಬರಲಿಲ್ಲವೇ?" ನಮ್ಮ ಬಾಯಿ ಮುಚ್ಚಿಸೋಕೆ ನಮ್ಮ ಬಾಬಾಸಾಹೇಬರ ಹೆಸರನ್ನೇ ಎತ್ತುತ್ತಾರೆ. ಓದಿ ನೋಡಿ ಸ್ವಾಮಿ. ಬಾಂಬೆಯ ಒಂದು ಉದ್ಯಾನದಲ್ಲಿ ಕೂತು ಓದುತ್ತಿದ್ದ ಹೈಸ್ಕೂಲು ಹುಡುಗನನ್ನ ಕಂಡು ಮಾತಾಡಿಸಿದವರು ಕೃಷ್ಣಾಜಿ ಅರ್ಜುನ ಕೆಳುಸ್ಕರ್. ಅವರು ಬೇರೊಂದು ಶಾಲೆಯ ಮೇಷ್ಟ್ರು, ಲೇಖಕರು. ಆ ಹುಡುಗನಿಗೆ ಪುಸ್ತಕ ಕೊಟ್ಟರು. 1907ರಲ್ಲಿ ಮೆಟ್ರಿಕ್ ಪಾಸಾದಾಗ ತಾವು ಬರೆದ ಬುದ್ಧನ ಚರಿತ್ರೆಯನ್ನ ಕೈಗಿತ್ತರು. ಮುಂದೆ ಬರೋಡದ ಮಹಾರಾಜರ ಹತ್ತಿರ ಕರೆದುಕೊಂಡು ಹೋದರು. ಆ ಸಹಾಯದಿಂದ ಎಲ್ಫಿನ್‌ಸ್ಟನ್ ಕಾಲೇಜು, ಅಲ್ಲಿಂದ 1913ರಲ್ಲಿ ಕೊಲಂಬಿಯಾ. ಅಂಥ ಪ್ರತಿಭೆಗೂ ಶಾಲೆ ಬಿಡುವ ಮೊದಲು ಆಚೆಯ ಲೋಕ ತೋರಿಸುವ ಒಬ್ಬ ಮನುಷ್ಯ ಬೇಕಾಯಿತು. ನಮ್ಮ ಮೈಸೂರಿನಲ್ಲೇ ಹೈಸ್ಕೂಲು ಹುಡುಗನಾಗಿದ್ದ ಪುಟ್ಟಪ್ಪ ತಾನು ಬರೆದ ಇಂಗ್ಲಿಷ್ ಪದ್ಯಗಳನ್ನ ಹಿಡಿದು ಐರಿಶ್ ಕವಿ ಜೇಮ್ಸ್ ಕಸಿನ್ಸ್‌ರನ್ನ ಕಾಣಲು ಹೋದ. ನಿನ್ನ ಭಾಷೆಯಲ್ಲಿ ಬರಿ ಅಂತ ಅವರು ಹೇಳಿ ಕಳಿಸಿದ ಮೇಲೆ ಕನ್ನಡಕ್ಕೆ ಕುವೆಂಪು ಸಿಕ್ಕರು. ಒಂದು ಉದ್ಯಾನ, ಒಂದು ಭೇಟಿ. ಇಂಥ ಆಕಸ್ಮಿಕಗಳ ಮೇಲೆ ಒಂದು ಜನಾಂಗದ ವಿದ್ಯೆ ನಿಲ್ಲಬೇಕೇನು? ಕೆಳುಸ್ಕರ್ ಆ ಸಂಜೆ ಬೇರೆ ದಾರಿಯಲ್ಲಿ ನಡೆದಿದ್ದರೆ?

ಆಕಸ್ಮಿಕವನ್ನ ಹಕ್ಕು ಮಾಡಬಹುದು. ಮಾಡಿದವರಿದ್ದಾರೆ. 1974ರಲ್ಲಿ ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ ಲಾಗಾರ್ಡಿಯಾ ಅನ್ನೋ ಕಾಲೇಜಿನ ಆವರಣದೊಳಗೇ ಒಂದು ಹೈಸ್ಕೂಲು ತೆರೆದರು. ಮೇಲಿನ ಶೇ. 1ರವರಿಗಲ್ಲ, ಓದು ಬಿಟ್ಟುಹೋಗುವ ಹಾಗಿದ್ದ ಮಕ್ಕಳಿಗೆ. ಕಾಲೇಜಿನ ಗಾಳಿ ಕುಡಿಯಲಿ, ಅಲ್ಲಿನವರನ್ನ ನೋಡಲಿ, ಆಗ ಓದು ಹಿಡಿಯುತ್ತದೆ ಅಂತ. ಅಷ್ಟು ದೂರ ಯಾಕೆ? ಸ್ವಾತಂತ್ರ್ಯಕ್ಕೂ ಮೊದಲೇ ನಮ್ಮ ಮೈಸೂರು ವಿಶ್ವವಿದ್ಯಾನಿಲಯದ ಮೇಷ್ಟರುಗಳು ಹಳ್ಳಿ ಪಟ್ಟಣಗಳಿಗೆ ಹೋಗಿ ಕನ್ನಡದಲ್ಲಿ ಪ್ರಚಾರೋಪನ್ಯಾಸ ಕೊಡುತ್ತಿದ್ದರು. ಅದನ್ನೇ ಪುಟ್ಟ ಪುಸ್ತಕ ಮಾಡಿ ಅಗ್ಗದ ಬೆಲೆಗೆ ಹಂಚುತ್ತಿದ್ದರು. ರಾಜನ ಕಾಲದಲ್ಲಿ ವಿಶ್ವವಿದ್ಯಾನಿಲಯ ಹಳ್ಳಿಗೆ ಬಂತು. ಪ್ರಜೆಗಳ ಕಾಲದಲ್ಲಿ ಐದು ಮೈಲಿ ದೂರದ ಪ್ರಜೆಯ ಮಗು ವಿಶ್ವವಿದ್ಯಾನಿಲಯಕ್ಕೆ ಹೋಗಬಾರದೇ?

ಹಾಗಾದರೆ ನಾವು ಕೇಳುವುದೇನು? ಹೇಳುತ್ತೇನೆ.

ಸರ್ಕಾರಿ ಶಾಲೆಯ ಎಂಟು, ಒಂಬತ್ತು, ಹತ್ತನೇ ಕ್ಲಾಸಿನ ಪ್ರತಿ ಮಗುವಿಗೆ ವರ್ಷಕ್ಕೆ ಹತ್ತು ದಿನ ಹತ್ತಿರದ ಕಾಲೇಜು, ವಿಶ್ವವಿದ್ಯಾನಿಲಯ, ಸಂಶೋಧನಾಲಯದಲ್ಲಿ ಪಾಠ ಆಗಬೇಕು. ಆರಿಸಿದ ಮಗುವಿಗಲ್ಲ, ಇಡೀ ಕ್ಲಾಸಿಗೆ. ಕಡೇ ಬೆಂಚಿನವನೇ ಮೊದಲು ಹೋಗಬೇಕು. ಹೊರಗೆ ನಿಲ್ಲಿಸಿ ಕಟ್ಟಡ ತೋರಿಸೋದಲ್ಲ, ಮೃಗಾಲಯದಲ್ಲಿ ಅದನ್ನ ಮಾಡಿಯಾಗಿದೆ. ಕ್ಲಾಸಿನಲ್ಲಿ ಕೂರಬೇಕು, ಸೂಕ್ಷ್ಮದರ್ಶಕ ಮುಟ್ಟಬೇಕು, ಪುಸ್ತಕ ತೆಗೆದು ನೋಡಬೇಕು, ತಪ್ಪು ಉತ್ತರ ಹೇಳಬೇಕು, ಯಾರೂ ನಗಬಾರದು. ಕನ್ನಡದಲ್ಲಿ ಹೇಳಬೇಕು. ಕನ್ನಡದಲ್ಲಿ ಹೇಳಲಾಗದ ವಿದ್ವಾಂಸನಿಗೆ ಅದೂ ಒಂದು ಪಾಠವಾಗುತ್ತದೆ. ಇದಕ್ಕೆ ಪರೀಕ್ಷೆ ಇರಬಾರದು, ಮಾರ್ಕ್ಸು ಇರಬಾರದು. ಬರೀ ವಿಜ್ಞಾನ ಅಲ್ಲ. ಕಾನೂನು, ಇತಿಹಾಸ, ಭಾಷಾಶಾಸ್ತ್ರ, ಜಾನಪದ ಎಲ್ಲ ನೋಡಲಿ. ನಮ್ಮಜ್ಜಿ ರಾಗಿ ಬೀಸುತ್ತ ಹೇಳುವ ಹಾಡನ್ನ ಗಂಗೋತ್ರಿಯಲ್ಲಿ ಎಂ.ಎ.ಗೆ ಓದುತ್ತಾರೆ ಅಂತ ನಮ್ಮಜ್ಜಿಗೆ ಇವತ್ತಿಗೂ ಗೊತ್ತಿಲ್ಲ. ಮೊಮ್ಮಗಳಿಗಾದರೂ ಗೊತ್ತಾಗಲಿ.

ದುಡ್ಡೆಲ್ಲಿ ಅಂತೀರಾ? 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ. ಅಲ್ಲಿಗೆ ಅರ್ಧ ಕ್ಲಾಸಿನ ಬಸ್ ಚಾರ್ಜು ಉಳಿಯಿತು. ಬಿಸಿಯೂಟ ಹತ್ತನೇ ಕ್ಲಾಸಿನವರೆಗೂ ಇದೆ, ಅದನ್ನೇ ಅಲ್ಲಿಗೆ ತನ್ನಿ. ದಾರಿ ತೋರಿಸೋಕೆ ದೊಡ್ಡ ಸಂಬಳದ ಕೌನ್ಸೆಲರುಗಳು ಬೇಡ. ಹಾಸ್ಟೆಲುಗಳಲ್ಲಿ ನಮ್ಮ ಹುಡುಗರು ಹುಡುಗಿಯರು ತುಂಬಿದ್ದಾರೆ, ಮನೆಯಲ್ಲಿ ಮೊದಲಿಗರಾಗಿ ಕಾಲೇಜು ಮೆಟ್ಟಿಲು ಹತ್ತಿದವರು. ಅವರಿಗೆ ದಿನಕ್ಕಿಷ್ಟು ಅಂತ ಕೊಟ್ಟು ಈ ಮಕ್ಕಳ ಜೊತೆ ಬಿಡಿ. ಯಾವ ಕೌಂಟರಿನಲ್ಲಿ ಅವಮಾನವಾಗುತ್ತೆ, ಯಾವ ಅರ್ಜಿಗೆ ಯಾವ ಸರ್ಟಿಫಿಕೇಟು, ಯಾವ ಮೇಷ್ಟ್ರು ಮನುಷ್ಯರು ಅನ್ನೋದು ಅವರಿಗೆ ಗೊತ್ತು. ರಾಜ್ಯ ಸರ್ಕಾರ ಪ್ರೊ. ಸುಖದೇವ್ ಥೋರಟ್ ಅವರ ಅಧ್ಯಕ್ಷತೆಯಲ್ಲಿ 2023ರಲ್ಲಿ ಶಿಕ್ಷಣ ನೀತಿ ಆಯೋಗ ಮಾಡಿತು, 2025ರ ಆಗಸ್ಟಿನಲ್ಲಿ ವರದಿ ಕೈಸೇರಿತು. ದೆಹಲಿಯ ನೀತಿ ನಮಗೆ ಬೇಡ ಅಂದವರು ನಮ್ಮದೇ ನೀತಿ ಏನು ಅಂತ ತೋರಿಸಲಿ. ಈ ಹತ್ತು ದಿನದಿಂದ ಶುರು ಮಾಡಲಿ.

ಇನ್ನು ನಮ್ಮವರ ಸರದಿ. ಬರೀ ಸರ್ಕಾರವನ್ನ ಬೈದು ಕೈ ತೊಳೆದುಕೊಂಡರೆ ಅದು ಬಂಡಾಯವಲ್ಲ, ಅಭ್ಯಾಸ. ಗೆಳೆಯರೆ, ಪದವಿ ತಗೊಂಡ ನಾವು ಏನು ಮಾಡಿದೆವು? ಡಿಗ್ರಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ನೇತುಹಾಕಿದೆವು. ಕೇರಿ ಬಿಟ್ಟು ಬಡಾವಣೆಗೆ ಬಾಡಿಗೆ ಮನೆ ಹುಡುಕಿದೆವು. ಏಪ್ರಿಲ್ 14ರಂದು ಬಂದು ಭಾಷಣ ಮಾಡಿ "ಓದಿ ಮುಂದೆ ಬನ್ನಿ" ಅಂತ ಹೇಳಿ ಹೋದೆವು. ಎಲ್ಲಿಗೆ ಬರಬೇಕು, ಯಾವ ಬಸ್ಸು ಹತ್ತಬೇಕು ಅಂತ ಹೇಳಿದೆವೇ? ನಾನೂ ಹೇಳಲಿಲ್ಲ. ಆರು ವರ್ಷ ಆ ಆವರಣಗಳಲ್ಲಿ ತಿರುಗಿ, ನಮ್ಮ ಬೀದಿಯ ಒಂದು ಮಗುವನ್ನೂ ನಾನು ಕೈಹಿಡಿದು ಕರೆದುಕೊಂಡು ಹೋಗಿರಲಿಲ್ಲ. ನನ್ನ ಜೊತೆಗಾರ ಆ ಟೀ ಅಂಗಡಿ ಮುಂದೆ ಕೇಳಿದ ರಾತ್ರಿ ನನಗೆ ನಾಚಿಕೆಯಾಯಿತು. ಈ ಲೇಖನ ಹುಟ್ಟಿದ್ದು ಆ ನಾಚಿಕೆಯಲ್ಲಿ.

ಅದಾದ ತಿಂಗಳೊಪ್ಪತ್ತಿನಲ್ಲಿ ನಾವು ಮೂವರು ಗೆಳೆಯರು ನಮ್ಮ ಬೀದಿಯ ಹನ್ನೊಂದು ಮಕ್ಕಳನ್ನ ಬಸ್ಸು ಹತ್ತಿಸಿದೆವು. ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕೂತು ಚಿತ್ರಾನ್ನ ತಿಂದು ಒಳಗೆ ಹೋದೆವು. ಸಂಶೋಧನೆ ಮಾಡುತ್ತಿದ್ದ ಒಬ್ಬ ಗೆಳತಿ ತನ್ನ ಮೇಜು, ತನ್ನ ಪುಸ್ತಕ, ತಾನು ತುಂಬಿಸುತ್ತಿದ್ದ ಟಿಪ್ಪಣಿ ಎಲ್ಲ ಮಕ್ಕಳ ಮುಂದೆ ಹರವಿದಳು. ಅವಳೂ ಕೂಲಿಯವರ ಮಗಳು ಅಂತ ಗೊತ್ತಾದಾಗ ಮಕ್ಕಳು ಅವಳನ್ನ ಮೇಲಿಂದ ಕೆಳಗೆ ನೋಡಿದರು. ಎಂಟನೇ ಕ್ಲಾಸಿನ ಒಬ್ಬಳು ಹುಡುಗಿ ಇಡೀ ಹೊತ್ತು ಮಾತಾಡಿರಲಿಲ್ಲ. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ತೋಳು ಜಗ್ಗಿ ಕೇಳಿದಳು: "ಅಣ್ಣ, ಅಲ್ಲಿ ಓದಕ್ಕೆ ಯಾರ್ನ ಕೇಳ್ಬೇಕು?"

ಅವರಪ್ಪ, ಅವರವ್ವ, ಅವರಜ್ಜಿ ಒಂದು ಜೀವಮಾನ ಎಲ್ಲದಕ್ಕೂ ಯಾರನ್ನೋ ಕೇಳಿ ಬದುಕಿದವರು. ಆ ಮಗು ಅದನ್ನೇ ಕಲಿತಿದೆ. "ಯಾರ್ನೂ ಕೇಳ್ಬೇಕಾಗಿಲ್ಲ ಕನವ್ವ, ಅದು ನಿಂದೇ" ಅಂದೆ. ನಂಬಲಿಲ್ಲ. ಒಂದು ದಿನಕ್ಕೆ ನಂಬಿಕೆ ಬರೋದಿಲ್ಲ. ಇನ್ನೂ ಒಂಬತ್ತು ದಿನ ಬಾಕಿ ಇದೆ.

ಇದನ್ನು ಓದುತ್ತಿರುವ ಪದವೀಧರ ಗೆಳೆಯರೇ, ನಿಮ್ಮೂರಿನಲ್ಲೂ ಒಂದು ಕಾಲೇಜಿದೆ, ನಿಮ್ಮ ಬೀದಿಯಲ್ಲೂ ಹನ್ನೊಂದು ಮಕ್ಕಳಿದ್ದಾರೆ. ಸುತ್ತೋಲೆ ಬರುವವರೆಗೆ ಕಾಯಬೇಡಿ. ಸರ್ಕಾರಕ್ಕೆ ಅರ್ಜಿಯನ್ನೂ ಬರೆಯಿರಿ, ಬರುವ ಭಾನುವಾರ ಬಸ್ಸನ್ನೂ ಹತ್ತಿಸಿ. ಆ ಮಕ್ಕಳು ರುಚಿ ನೋಡಲಿ, ಉಗುಳಲಿ, ನುಂಗಲಿ, ಇನ್ನಷ್ಟು ಕೇಳಲಿ. ಆಮೇಲೆ ಬೇಡ ಅಂದರೆ ಅದು ಅವರ ಆಯ್ಕೆ. ಅಲ್ಲಿಯವರೆಗೆ, ಹಸಿವಿಲ್ಲ ಅನ್ನುವ ದೊಡ್ಡವರು ದಯವಿಟ್ಟು ಬಾಯಿ ಮುಚ್ಚಿಕೊಂಡಿರಲಿ.